ಮೈನಸ್ 24ರ ಶನಿವಾರ: ಹೊರಗಿನ ಕೆಲಸ ಮುಗಿಸಿ ಬೋ ನದಿ ಪಾರ್ಕಿನಲ್ಲಿ ತೆಗೆದ ಫೋಟೋಗಳು, ಸ್ವಲ್ಪ ಸಲಹೆ ಬೇಕು

ತುಂಗೆಯಿಂದ_ಬೋಗೆ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕೆನಡಾದ ಕ್ಯಾಲ್ಗರಿಗೆ ಬಂದು ನನಗೆ ಇದು ಆರನೇ ಚಳಿಗಾಲ. ಇಷ್ಟು ವರ್ಷ ಚಳಿ ಶುರುವಾಯಿತೆಂದರೆ ಮನೆಯಿಂದ ಕಾರಿಗೆ, ಕಾರಿನಿಂದ ಅಂಗಡಿಗೆ, ಮತ್ತೆ ಮನೆಗೆ, ಇಷ್ಟೇ ನನ್ನ ಓಡಾಟ. ಇವತ್ತು ಮೊದಲ ಸಲ ಬೇಕೂಂತಲೇ ಒಂದೂವರೆ ಗಂಟೆ ನದಿ ದಂಡೆಯಲ್ಲಿ ಇದ್ದೆ. ಅದನ್ನು ಯಾರಿಗಾದರೂ ಹೇಳದೆ ನಿದ್ದೆ ಬರುವ ಹಾಗಿಲ್ಲ.

ಇದಕ್ಕೆ ಕಾರಣ ಅಮ್ಮ. ಅವರು ಇರುವುದು ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ. ಹೋದ ವಾರ ಫೋನಿನಲ್ಲಿ, "ಮರದ ತುಂಬಾ ಮಲ್ಲಿಗೆ ಬಿಟ್ಟ ಹಾಗೆ ಇರುತ್ತೆ ಅಂತೀಯ. ಬರೀ ದೂರದ ಫೋಟೋ ಕಳಿಸ್ತೀಯ. ಆ ಮಲ್ಲಿಗೆ ಹತ್ತಿರದಿಂದ ಹೇಗಿರುತ್ತೆ ಅಂತ ತೋರಿಸು" ಅಂದರು. ಚಳಿಯಲ್ಲಿ ಕೊಂಬೆಗಳ ಮೇಲೆ ಕೂರುವ ಬಿಳಿ ಮಂಜಿನ ಮಾತು ಅದು. ಅಮ್ಮ ಈ ಊರಿಗೆ ಬರುವ ಹಾಗಿಲ್ಲ. ಅವರ ಮಂಡಿಗೆ ಅಷ್ಟು ಹೊತ್ತಿನ ವಿಮಾನ ಆಗುವುದಿಲ್ಲ. ಹಾಗಾಗಿ ಫೋಟೋದಲ್ಲಿ ಕಾಣುವಷ್ಟೇ ಅವರಿಗೆ ಕ್ಯಾಲ್ಗರಿ.

ಬೆಳಿಗ್ಗೆ ಎಂಟಕ್ಕೆ ಎದ್ದರೆ ಇನ್ನೂ ಕತ್ತಲೆ. ಸೂರ್ಯ ಹುಟ್ಟುವುದೇ ಎಂಟೂವರೆಗೆ. ರಾತ್ರಿ ಟೈಮರ್ ಹಾಕಿ, ಇಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್‌ಗೆ ಪ್ಲಗ್ ಮಾಡಿದ್ದರಿಂದ ಕಾರು ಸಲೀಸಾಗಿ ಸ್ಟಾರ್ಟ್ ಆಯಿತು. ಆದರೆ ಗಾಳಿ ಕಮ್ಮಿ ಅಂತ ಟೈರ್ ಲೈಟ್ ಹೊತ್ತಿಕೊಂಡಿತು. ಮೊದಲು ಗಾಳಿ ಹೊಡೆಸಲು ಹೋದೆ. ಪೈಪು ಮರದ ಕೊಂಬೆಯಂತೆ ಸೆಟೆದುಕೊಂಡಿತ್ತು, ಬಗ್ಗಿಸಲಿಕ್ಕೇ ಎರಡು ಕೈ ಬೇಕಾಯಿತು. ಆಮೇಲೆ ಔಷಧಿ ಅಂಗಡಿ. ಮನೆಯವರ ಬಿಪಿ ಮಾತ್ರೆ ತಗೊಂಡು, ಅದೇ ಅಂಗಡಿಯೊಳಗಿನ ಪೋಸ್ಟ್ ಕೌಂಟರಿನಲ್ಲಿ ಅಮ್ಮ ಕಳಿಸಿದ ಪಾರ್ಸೆಲ್ ಬಿಡಿಸಿಕೊಂಡೆ. ಎಳ್ಳು-ಬೆಲ್ಲ, ಸಕ್ಕರೆ ಅಚ್ಚು. ಸಂಕ್ರಾಂತಿ ಕಳೆದು ಮೂರು ದಿನ ಆಗಿತ್ತು. ಒಂದು ಅಚ್ಚಿನ ನವಿಲಿಗೆ ಕೊಕ್ಕು ಮುರಿದಿತ್ತು, ಉಳಿದವೆಲ್ಲ ಸರಿಯಾಗಿದ್ದವು. ಕಾರಿನಲ್ಲೇ ಕೂತು ಒಂದು ಹಿಡಿ ತಿಂದೆ. ಬೆಲ್ಲ ಚಳಿಗೆ ಕಲ್ಲಾಗಿತ್ತು, ಬಾಯಲ್ಲಿ ಕರಗಲು ಹೊತ್ತು ಹಿಡಿಯಿತು.

ಕೊನೆಗೆ ಲೈಬ್ರರಿ ಪುಸ್ತಕ. ಡೌನ್‌ಟೌನಿನಲ್ಲಿ ಕಾರು ನಿಲ್ಲಿಸುವ ತಾಪತ್ರಯ ಬೇಡ ಅಂತ ಡಾಲ್‌ಹೌಸಿ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ಊರಿನ ರೈಲು ಸಿ-ಟ್ರೇನ್ ಹತ್ತಿದೆ. ಸೆಂಟ್ರಲ್ ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು ಹೊರಗೆ ಬಂದಾಗ ಹನ್ನೆರಡು. ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ವಾಪಸ್ ಬರುವಾಗ 4ನೇ ಸ್ಟ್ರೀಟಿನಲ್ಲಿ ಇಳಿದು ನದಿ ಕಡೆ ನಡೆದೆ.

ಪ್ರಿನ್ಸಸ್ ಐಲೆಂಡ್ ಪಾರ್ಕ್ ನೋಡಿದವರಿಗೆ ಗೊತ್ತು. ಒಂದು ಕಡೆ ಬೋ ನದಿ, ಇನ್ನೊಂದು ಕಡೆ ಕೊಳದಂಥ ಲಗೂನ್, ಅದರಾಚೆ ಗಾಜಿನ ಕಟ್ಟಡಗಳು. ನದಿ ಹೊಗೆಯಾಡುತ್ತಿತ್ತು. ದಂಡೆಯ ಪಾಪ್ಲರ್ ಮರಗಳು ಬುಡದಿಂದ ತುದಿಯವರೆಗೆ ಬಿಳಿ. ಅಮ್ಮ ಕೇಳಿದ್ದ ಮಲ್ಲಿಗೆ ಸಿಕ್ಕಿದ್ದು ಒಂದು ಕಾಡುಗುಲಾಬಿ ಪೊದೆಯಲ್ಲಿ. ಹೂ ಉದುರಿ ಕಾಯಿ ಹಣ್ಣಾಗಿ ಅಲ್ಲೇ ಒಣಗಿದೆ. ಬಟಾಣಿಗಿಂತ ಸ್ವಲ್ಪ ದಪ್ಪ, ತೊಂಡೆಹಣ್ಣಿನ ಕೆಂಪು. ಅದರ ಒಂದು ಮಗ್ಗುಲಿಗೆ ಮಾತ್ರ ಮಂಜಿನ ಸೂಜಿಗಳು. ಒಂದೊಂದೂ ಅರ್ಧ ಬೆರಳಿನಷ್ಟು ಉದ್ದ, ಬರೀ ಸೂಜಿಯಲ್ಲ, ಎರಡೂ ಕಡೆ ಸಣ್ಣ ಹಲ್ಲುಗಳು, ಹಕ್ಕಿ ಗರಿಯ ಹಾಗೆ. ಉಸಿರು ತಾಗಿದರೆ ಉದುರುತ್ತವೆ. ಉಸಿರು ಬಿಗಿಹಿಡಿದು ಕೂತು ನೋಡಿದೆ.

ಈಗ ಪ್ರಶ್ನೆಗಳು. ಒಂದು, ಫೋಟೋ ಎಲ್ಲ ಮಂಕಾಗಿ, ನೀಲಿಯಾಗಿ ಬಂದಿವೆ. ಅಮ್ಮನಿಗೆ ಒಂದು ಕಳಿಸಿದೆ, "ಇದು ಬೆಳದಿಂಗಳಲ್ಲಿ ತೆಗೆದಿದ್ದಾ?" ಅಂತ ಕೇಳಿದರು. ಎರಡು, ಫೋನಿನಲ್ಲಿ 40 ಶೇಕಡಾ ಚಾರ್ಜ್ ಇದ್ದರೂ ತಟ್ಟನೆ ಆಫ್ ಆಯಿತು. ಮೂರು, ಮನೆಗೆ ಬಂದು ಕ್ಯಾಮೆರಾ ಅಡಿಗೆಮನೆ ಕಟ್ಟೆ ಮೇಲಿಟ್ಟೆ, ಎರಡು ನಿಮಿಷಕ್ಕೆ ಲೆನ್ಸ್ ಮೇಲೆಲ್ಲ ನೀರು. ಹಾಳಾಗುತ್ತದಾ ಅಂತ ಭಯ.

ಹಳೇ_ಲೆನ್ಸು · ಶನಿವಾರ, ರಾತ್ರಿ 10:25

ಮೊದಲು ಮೂರನೆಯದು, ಅದು ಅರ್ಜೆಂಟು. ಕ್ಯಾಮೆರಾ ಆನ್ ಮಾಡಬೇಡಿ. ಲೆನ್ಸ್ ಬಿಚ್ಚಬೇಡಿ. ಬ್ಯಾಟರಿ, ಕಾರ್ಡ್ ತೆಗೆದು ಒಲೆಯಿಂದ ದೂರ ಒಣ ಜಾಗದಲ್ಲಿ ರಾತ್ರಿಯಿಡೀ ಬಿಡಿ. ಹೇರ್ ಡ್ರೈಯರ್ ಹಿಡಿಯಬೇಡಿ. ಬೆಳಿಗ್ಗೆ ಹೊತ್ತಿಗೆ ಸರಿಹೋಗುವ ಸಂಭವ ಜಾಸ್ತಿ.

ತಣ್ಣನೆ ಸ್ಟೀಲ್ ಲೋಟದ ಹೊರಗೆ ನೀರು ಹನಿಯುತ್ತದಲ್ಲ, ಅದೇ ಆಗಿದ್ದು. ಮುಂದಿನ ಸಲ ಹೊರಗೆ ಇರುವಾಗಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಹಿಂಡಿ ಮುಚ್ಚಿ. ಮನೆಯೊಳಗೆ ಎರಡು ಮೂರು ಗಂಟೆ ಹಾಗೇ ಇರಲಿ. ನೀರು ಕೂತರೂ ಚೀಲದ ಮೇಲೆ ಕೂರುತ್ತದೆ. ಕಾರ್ಡ್ ಮಾತ್ರ ಹೊರಗೇ ತೆಗೆದು ಜೇಬಿಗೆ ಹಾಕಿಕೊಳ್ಳಿ, ಇಲ್ಲದಿದ್ದರೆ ಫೋಟೋ ನೋಡುವ ಆಸೆಗೆ ಚೀಲ ಬಿಚ್ಚಿಬಿಡುತ್ತೇವೆ.

ಫೋನಿನ ಬ್ಯಾಟರಿ ಕೆಟ್ಟಿಲ್ಲ. ಚಳಿಯಲ್ಲಿ ಅದರೊಳಗಿನ ರಾಸಾಯನಿಕ ಕ್ರಿಯೆ ನಿಧಾನ ಆಗುತ್ತದೆ, ಕೇಳಿದಷ್ಟು ಕರೆಂಟು ಕೊಡಲು ಆಗುವುದಿಲ್ಲ, ಫೋನು ತಾನೇ ಆಫ್ ಆಗುತ್ತದೆ. ಐಫೋನಿಗೆ ಆ್ಯಪಲ್ ಹೇಳುವುದೇ 0ಯಿಂದ 35 ಡಿಗ್ರಿ. ಮೈಗೆ ತಾಗುವ ಒಳಜೇಬಿನಲ್ಲಿ ಇಟ್ಟುಕೊಂಡು ಫೋಟೋಗೆ ಮಾತ್ರ ಹೊರತೆಗೆಯಿರಿ. ಕ್ಯಾಮೆರಾಗೂ ಎರಡನೇ ಬ್ಯಾಟರಿ ಅದೇ ಜೇಬಿನಲ್ಲಿರಲಿ. ಒಂದು ಸುಸ್ತಾದಾಗ ಅದಲು ಬದಲು ಮಾಡಿ. ಬೆಚ್ಚಗಾದ ಮೇಲೆ ಮೊದಲನೆಯದಕ್ಕೆ ಮತ್ತೆ ಜೀವ ಬರುತ್ತದೆ.

ಇನ್ನು ಮಂಕು. ಕ್ಯಾಮೆರಾದ ಮೀಟರು ಎದುರಿಗಿರುವುದನ್ನೆಲ್ಲ ನಡುವಿನ ಬೂದು ಬಣ್ಣ ಅಂತಲೇ ಲೆಕ್ಕ ಹಾಕುತ್ತದೆ. ಹಿಮ ತೋರಿಸಿದರೆ, ಇಷ್ಟು ಬೆಳಕು ಜಾಸ್ತಿಯಾಯಿತು ಅಂತ ಕಡಿಮೆ ಮಾಡಿ ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್, ಪ್ಲಸ್ 1ಕ್ಕೆ ಇಡಿ. ಫ್ರೇಮಿನ ತುಂಬಾ ಹಿಮವೇ ಇದ್ದರೆ ಪ್ಲಸ್ ಒಂದೂವರೆವರೆಗೂ ಹೋಗಬಹುದು. ಫೋಟೋದ ಬೆಳಕು ತೋರಿಸುವ ನಕ್ಷೆ, ಹಿಸ್ಟೋಗ್ರಾಮಿನ ಗುಡ್ಡ ಬಲಕ್ಕೆ ಬರಬೇಕು, ಆದರೆ ಬಲದ ಗೋಡೆಗೆ ಒತ್ತಿಕೊಳ್ಳಬಾರದು. ಒತ್ತಿಕೊಂಡರೆ ಸೂಜಿಗಳ ಹಲ್ಲು ಅಳಿಸಿಹೋಗುತ್ತದೆ. ಫೋನಿನಲ್ಲಾದರೆ ಮಂಜಿನ ಮೇಲೆ ಬೆರಳು ಒತ್ತಿ, ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ.

ನೀಲಿಯ ಮಾತು ದೊಡ್ಡದು. ನಾಳೆ ಬರೆಯುತ್ತೇನೆ.

ಎರಡನೇ_ಚಳಿ · ಶನಿವಾರ, ರಾತ್ರಿ 11:02

ಅಕ್ಕ, ನಾನು ಕಳೆದ ವರ್ಷ ಬಳ್ಳಾರಿಯಿಂದ ಬಂದವನು. ನನ್ನ ಕಾರಿನಲ್ಲೂ ಟೈರ್ ಲೈಟ್ ಬರುತ್ತಿದೆ. ಪಂಕ್ಚರ್ ಅಂದುಕೊಂಡು ಎರಡು ಸಲ ಅಂಗಡಿಗೆ ಹೋಗಿ ಬಂದೆ, ಏನೂ ಇಲ್ಲ ಅಂದರು. ಮತ್ತೆ ಒಂದೂವರೆ ಗಂಟೆ ಹೊರಗೆ ನಿಂತಿರಿ ಅಂದರೆ ಏನು ಹಾಕಿಕೊಂಡಿದ್ದಿರಿ? ನನಗೆ ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷಕ್ಕೇ ಬೆರಳು ಉರಿ ಬರುತ್ತದೆ.

ತುಂಗೆಯಿಂದ_ಬೋಗೆ · ಭಾನುವಾರ, ಬೆಳಿಗ್ಗೆ 9:15

ಲೆನ್ಸು ಸರ್, ತುಂಬಾ ಥ್ಯಾಂಕ್ಸ್. ಕ್ಯಾಮೆರಾ ಒಣಗಿದೆ, ಕೆಲಸ ಮಾಡುತ್ತಿದೆ. ನಿಮ್ಮ ಉತ್ತರ ಓದುವ ಹೊತ್ತಿಗೆ ಡ್ರೈಯರ್ ಕೈಯಲ್ಲೇ ಇತ್ತು.

ತಮ್ಮಾ, ಅದು ಪಂಕ್ಚರ್ ಅಲ್ಲ. ತಣ್ಣಗಾದರೆ ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು ಐದಾರು ಡಿಗ್ರಿ ಚಳಿ ಏರಿದರೆ ಒಂದು ಪಿಎಸ್ಐ (ಒತ್ತಡದ ಅಳತೆ) ಕಡಿಮೆ ಅಂತ ಲೆಕ್ಕ. ಶೂನ್ಯದಲ್ಲಿ ಗಾಳಿ ಹೊಡೆಸಿದ ಟೈರು ಮೈನಸ್ 24ರಲ್ಲಿ ನಾಲ್ಕು ಪಿಎಸ್ಐ ಕಮ್ಮಿ ತೋರಿಸುತ್ತದೆ. ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಇರುವಷ್ಟಕ್ಕೆ ತುಂಬಿಸು, ಓಡಿಸುವ ಮೊದಲು, ಟೈರು ತಣ್ಣಗಿದ್ದಾಗಲೇ ಅಳೆಯಬೇಕು. ಬ್ಲಾಕ್ ಹೀಟರ್ ಇಡೀ ರಾತ್ರಿ ಬೇಡ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಆನ್ ಆಗುವ ಹಾಗೆ ಟೈಮರ್ ಇಟ್ಟರೆ ಸಾಕು, ಕರೆಂಟೂ ಉಳಿಯುತ್ತದೆ.

ಬಟ್ಟೆ ವಿಷಯ. ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿಕೊಂಡು ತಣ್ಣಗಾಗುತ್ತದೆ. ಉಣ್ಣೆಯದು ಅಥವಾ ಥರ್ಮಲ್ ಹಾಕು. ಕೈಗೆ ನಾನು ಹಾಕಿದ್ದು ಎರಡು: ಒಳಗೆ ತೆಳ್ಳಗಿನ ಬೆರಳುಚೀಲ, ಮೇಲೆ ನಾಲ್ಕೂ ಬೆರಳು ಒಟ್ಟಿಗೆ ಹೋಗುವ ದಪ್ಪ ಮಿಟನ್. ಬೆರಳು ಒಂದಕ್ಕೊಂದು ತಾಗಿದ್ದರೆ ಬೆಚ್ಚಗಿರುತ್ತವೆ. ಫೋಟೋ ತೆಗೆಯುವಾಗ ಮಿಟನ್ ಮಾತ್ರ ಬಿಚ್ಚುವುದು. ಬರಿಗೈಯಲ್ಲಿ ಟ್ರೈಪಾಡಿನ ಕಬ್ಬಿಣ ಮುಟ್ಟಬೇಡ. ಬೆರಳು ಉರಿದರೆ ಒಳಗೆ ಹೋಗು. ಉರಿ ನಿಂತು ಮರಗಟ್ಟಿದರೆ ಅದು ಇನ್ನೂ ಅಪಾಯ, ಕಾಯಬೇಡ.

ಪಾಠದ_ಮನೆ · ಭಾನುವಾರ, ಬೆಳಿಗ್ಗೆ 10:50

ಹಾಸನದಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳುತ್ತೇನೆ. ನಿಮ್ಮ ಗುಲಾಬಿ ಹಣ್ಣಿನ ಫೋಟೋ ಸ್ಕೂಲಿನಲ್ಲಿ ತೋರಿಸಬಹುದಾ? ಮಕ್ಕಳಿಗೆ ಇದನ್ನು ಮಾತಿನಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ.

ಒಂದು ವಿಷಯ ಹೇಳಬೇಕು. ಇದನ್ನು ಎಲ್ಲರೂ ಹೆಪ್ಪುಗಟ್ಟಿದ ಇಬ್ಬನಿ ಅನ್ನುತ್ತಾರೆ. ಅದು ಅಲ್ಲ. ಇಬ್ಬನಿ ಹೆಪ್ಪುಗಟ್ಟಿದರೆ ಉಂಡೆ ಉಂಡೆ ಗಾಜಿನ ಮಣಿ ಆಗುತ್ತದೆ. ನಿಮ್ಮ ಫೋಟೋದಲ್ಲಿರುವುದು ಗರಿ. ಗಾಳಿಯಲ್ಲಿರುವ ಆವಿ ನಡುವೆ ನೀರಾಗದೆ ನೇರವಾಗಿ ಹರಳಾಗಿದೆ. ತಿಳಿ ಆಕಾಶದ ರಾತ್ರಿ ಕೊಂಬೆ ತನ್ನ ಶಾಖ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಅದರ ಮೇಲೆ ಮೊದಲ ಹರಳು ಕೂರುತ್ತದೆ. ಆ ಹರಳಿನ ತುದಿಗೆ ಇನ್ನಷ್ಟು ಆವಿ ಬಂದು ಅಂಟುತ್ತದೆ. ಹೀಗೆ ತುದಿ ತುದಿಗೇ ಬೆಳೆಯುವುದರಿಂದ ಸೂಜಿ, ಸೂಜಿಯಿಂದ ಹಲ್ಲು. ಹರಳಿನ ಮೂಲ ಆಕಾರ ಆರು ಮೂಲೆಯದು, ಅದಕ್ಕೇ ಆ ಹಲ್ಲುಗಳು ಅಷ್ಟು ಅಚ್ಚುಕಟ್ಟು.

ನದಿ ದಂಡೆಯಲ್ಲೇ ಯಾಕೆ ಅಷ್ಟು ದಪ್ಪ ಅಂದರೆ, ಹರಿಯುವ ನೀರು ಸೊನ್ನೆ ಡಿಗ್ರಿ ಆಸುಪಾಸು ಇರುತ್ತದೆ. ಮೇಲಿನ ಗಾಳಿ ಮೈನಸ್ 24. ಆ ಗಾಳಿಗೆ ನದಿ ಬಿಸಿನೀರ ಹಂಡೆ ಇದ್ದ ಹಾಗೆ. ಎದ್ದ ಆವಿ ಹತ್ತಿರದ ಮರಕ್ಕೇ ಹತ್ತುತ್ತದೆ. ಒಂದು ಮಗ್ಗುಲಿಗೆ ಮಾತ್ರ ಇತ್ತು ಅಂದಿರಲ್ಲ, ಆ ಮಗ್ಗುಲು ನದಿ ಕಡೆಗಿತ್ತಾ ನೋಡಿ.

ತುಂಗೆಯಿಂದ_ಬೋಗೆ · ಭಾನುವಾರ, ಬೆಳಿಗ್ಗೆ 11:05

ಮೇಡಂ, ಫೋಟೋ ತೋರಿಸಿ, ಖುಷಿ ನನಗೆ. ಹೌದು, ನದಿ ಕಡೆಗೇ ಇತ್ತು! ಹಿಂದಿನ ಫೋಟೋ ತೆಗೆದು ನೋಡಿದೆ, ಪೊದೆಯ ಎಲ್ಲ ಹಣ್ಣಿಗೂ ಬಡಗಣ ಮಗ್ಗುಲೇ ಬಿಳಿ.

ನದಿ ಹೊಗೆಯಾಡುವ ವಿಡಿಯೋ ನೋಡಿ ಅಮ್ಮ, "ಎಳ್ಳಮಾವಾಸ್ಯೆ ಜಾತ್ರೆ ಹೊತ್ತಿಗೆ ಬೆಳಿಗ್ಗೆ ತುಂಗೆಯೂ ಹಿಂಗೇ ಇರ್ತಾಳೆ" ಅಂದರು. ಎರಡೂ ಒಂದೇನಾ?

ಪಾಠದ_ಮನೆ · ಭಾನುವಾರ, ಬೆಳಿಗ್ಗೆ 11:20

ಒಂದೇ. ಬೆಚ್ಚಗಿನ ನೀರು, ಮೇಲೆ ತಣ್ಣನೆ ಗಾಳಿ. ಅಲ್ಲಿ ಹನಿಯಾಗಿ ಕರಗಿಹೋಗುತ್ತದೆ, ನಿಮ್ಮಲ್ಲಿ ಮರ ಹತ್ತಿ ಹರಳಾಗುತ್ತದೆ. ಅಮ್ಮನವರು ಸರಿಯಾಗಿಯೇ ಗುರುತಿಸಿದ್ದಾರೆ.

ಬೆಟ್ಟದ_ಚಾಯ್ · ಭಾನುವಾರ, ಮಧ್ಯಾಹ್ನ 1:30

ಊಟಿಯಲ್ಲಿ ಹುಟ್ಟಿ ಬೆಳೆದ ಕನ್ನಡಿಗ ನಾನು. ದಕ್ಷಿಣದಲ್ಲಿ ಇದೆಲ್ಲ ಇಲ್ಲ ಅಂದುಕೊಳ್ಳಬೇಡಿ. ನಮ್ಮೂರು 2,200 ಮೀಟರಿಗಿಂತ ಎತ್ತರ. ಡಿಸೆಂಬರ್, ಜನವರಿಯಲ್ಲಿ ಮೋಡ ಇಲ್ಲದ ರಾತ್ರಿ ಕಳೆದು ಬೆಳಿಗ್ಗೆ ಎದ್ದರೆ ತಗ್ಗಿನ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗಿರುತ್ತದೆ. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಮಾಯ. ಟೀ ಗಿಡಗಳಿಗೆ ಮಾತ್ರ ಅದು ಮಾಯವಾಗುವುದಿಲ್ಲ. ಎಲೆ ಸುಟ್ಟ ಹಾಗೆ ಕೆಂಪಗೆ ಮುದುಡುತ್ತದೆ. ನಮ್ಮ ತಾತ ಸಂಜೆಯೇ ಎಳೆಗಿಡಗಳ ಮೇಲೆ ಸೊಪ್ಪು ಹೊದಿಸಿ ಬರುತ್ತಿದ್ದರು. ಅದಕ್ಕೇ ನಿಮ್ಮ ಫೋಟೋ ನೋಡಿದಾಗ ಚೆಂದ ಅನ್ನುವ ಮೊದಲು ಗಿಡಕ್ಕೆ ಏನಾಯಿತೋ ಅಂತ ಮನಸ್ಸು ಹೋಯಿತು.

ಹೆಸರಿನ ಬಗ್ಗೆ. ನಮ್ಮೂರ ತಮಿಳಿನಲ್ಲಿ ನೀರ್‌ಪನಿ ಬೇರೆ, ಉರೈಪನಿ ಬೇರೆ. ಮೊದಲನೆಯದು ನೀರಾಗಿರುವ ಇಬ್ಬನಿ, ಎರಡನೆಯದು ಗಟ್ಟಿಯಾದದ್ದು. ಅವರ ಪನಿಯೂ ನಮ್ಮ ಹನಿಯೂ ಒಂದೇ ಬೇರಿನವು. ಕನ್ನಡದಲ್ಲಿ ನಾವು ಸ್ನೋಗೂ ಹಿಮ, ಐಸಿಗೂ ಹಿಮ, ಇದಕ್ಕೂ ಹಿಮ ಅಂತೀವಿ. ಇದಕ್ಕೆ ಒಂದು ಪದ ಬೇಕು.

ಪಾಠದ_ಮನೆ · ಭಾನುವಾರ, ಮಧ್ಯಾಹ್ನ 2:10

ನಾನು ಮಕ್ಕಳಿಗೆ "ಹರಳುಮಂಜು" ಅಂತ ಹೇಳುತ್ತೇನೆ. ಹರಳುಪ್ಪು ಗೊತ್ತಿರುವುದರಿಂದ ತಕ್ಷಣ ಹಿಡಿಯುತ್ತಾರೆ.

ತುಂಗೆಯಿಂದ_ಬೋಗೆ · ಭಾನುವಾರ, ಮಧ್ಯಾಹ್ನ 2:15

ಹರಳುಮಂಜು. ಇನ್ನು ಅಮ್ಮನ ಹತ್ತಿರವೂ ಹಾಗೇ ಹೇಳುತ್ತೇನೆ.

ನದಿಪಕ್ಕದ_ಮನೆ · ಭಾನುವಾರ, ಸಂಜೆ 4:45

ಸನ್ನಿಸೈಡಿನಲ್ಲಿದ್ದೇವೆ, ಆ ಪಾರ್ಕಿಗೆ ನದಿಯ ಈಚೆ ದಡ. 2009ರಿಂದ ದಿನಾ ಅಲ್ಲೇ ವಾಕಿಂಗ್. ನಮ್ಮೂರ ಪಾರ್ಕಿನ ಬಗ್ಗೆ ಕನ್ನಡದಲ್ಲಿ ಇಷ್ಟು ಮಾತು ನೋಡಿ ತುಂಬಾ ಸಂತೋಷವಾಯಿತು. ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಸರ ಮಾಡಬೇಡಿ.

ಬೋ ಅಂದರೆ ಬಿಲ್ಲು. ಇಲ್ಲಿನ ಮೂಲ ಜನರು ಬಿಲ್ಲು ಮಾಡಲು ಬಳಸುತ್ತಿದ್ದ ಗಿಡಗಳು ಈ ದಂಡೆಯಲ್ಲಿ ಬೆಳೆಯುತ್ತಿದ್ದವು, ಅದರಿಂದ ಬಂದ ಹೆಸರು. ಬ್ಯಾನ್ಫ್ ಕಡೆಯ ಬೋ ಹಿಮನದಿಯಿಂದ ಇಳಿದು ಬರುವ ನೀರು ಇದು. ಪಾರ್ಕಿನ ಹೆಸರಿನಲ್ಲಿರುವ ಪ್ರಿನ್ಸ್ ಅನ್ನುವುದು ರಾಜಕುಮಾರ ಅಲ್ಲ, ಪೀಟರ್ ಪ್ರಿನ್ಸ್ ಅನ್ನುವವರ ಹೆಸರು. 1886ರಲ್ಲಿ ಬಂದು ಇಲ್ಲಿ ಓ ಕ್ಲೇರ್ ಕಂಪನಿಯ ಮರದ ಮಿಲ್ಲು ನಡೆಸಿದವರು. ಬೆಟ್ಟದ ಕಡೆ ಕಡಿದ ದಿಮ್ಮಿಗಳನ್ನು ನದಿಯಲ್ಲೇ ತೇಲಿಸಿ ತರುತ್ತಿದ್ದರು. ಅವನ್ನು ಮಿಲ್ಲಿನ ಹತ್ತಿರ ತರಲು ಕಾಲುವೆ ತೋಡಿಸಿದರು. ಆ ಕಾಲುವೆಯೇ ಈಗಿನ ಲಗೂನ್. ಜಾಗ ನಗರಸಭೆ ಕೈಗೆ ಬಂದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ.

ಲಗೂನ್ ದಾಟಲು ಒಂದು ಸೇತುವೆಗೆ ಜೈಪುರ ಬ್ರಿಡ್ಜ್ ಅಂತ ಹೆಸರು. 1973ರಿಂದ ಕ್ಯಾಲ್ಗರಿ, ಜೈಪುರ ಸೋದರ ನಗರಗಳು. ಮೊದಲ ಸಲ ಆ ಹೆಸರು ಓದಿದಾಗ ಊರಿನವರು ಯಾರೋ ಕರೆದ ಹಾಗಾಯಿತು. ನಮ್ಮದು ಜೈಪುರ ಅಲ್ಲ, ಮಂಡ್ಯ. ಆದರೂ.

2013ರ ಜೂನಿನಲ್ಲಿ ಈ ನದಿ ಉಕ್ಕಿತು. ಡೌನ್‌ಟೌನೇ ಖಾಲಿ ಮಾಡಿಸಿದರು, ನಮ್ಮನ್ನೂ ಮನೆ ಬಿಡಿಸಿದರು. ಪಾರ್ಕು ಪೂರ್ತಿ ನೀರಿನಲ್ಲಿತ್ತು. ವಾಪಸ್ ಬಂದಾಗ ದಾರಿಯ ಮೇಲೆ ಮೊಣಕಾಲುದ್ದ ಕೆಸರು, ಪೊದೆಗಳಲ್ಲಿ ಚಿಂದಿ ಬಟ್ಟೆ, ಮರದ ಚೂರು ಸಿಕ್ಕಿಕೊಂಡಿದ್ದವು. ಜನ ಗುದ್ದಲಿ, ಬಕೆಟ್ ಹಿಡಿದು ಬಂದು ಗುರುತಿಲ್ಲದವರ ಮನೆಯ ನೆಲಮಾಳಿಗೆಯ ಕೆಸರು ಹೊತ್ತು ಹಾಕಿದರು. ಈಗ ನೀವು ಫೋಟೋ ತೆಗೆದ ಜಾಗ ನೋಡಿದರೆ ನನಗೆ ಎರಡೂ ಒಟ್ಟಿಗೆ ಕಾಣುತ್ತವೆ.

ಫೋಟೋಗೆ ಜಾಗ: ಪಾರ್ಕಿನ ಪಶ್ಚಿಮಕ್ಕೆ ಪೀಸ್ ಬ್ರಿಡ್ಜ್ ಇದೆ. 2012ರಲ್ಲಿ ತೆರೆದದ್ದು, ಸ್ಪೇನಿನ ವಾಸ್ತುಶಿಲ್ಪಿ ಸಾಂತಿಯಾಗೊ ಕಲತ್ರಾವ ವಿನ್ಯಾಸ, ಕೆಂಪು ಉಕ್ಕಿನ ಹೆಣಿಗೆ, ನದಿಯೊಳಗೆ ಒಂದೂ ಕಂಬ ಇಲ್ಲ. ಹರಳುಮಂಜು ಕೂತ ಕೊಂಬೆಗಳ ನಡುವೆ ಆ ಕೆಂಪು ಇಣುಕುವುದನ್ನು ನೋಡಬೇಕು.

ಒಂದೇ ಒಂದು ಎಚ್ಚರ. ನದಿ ಅಂಚಿನ ಐಸ್ ಮೇಲೆ ಕಾಲಿಡಬೇಡಿ. ಹರಿಯುವ ನೀರಿನ ಮೇಲಿನ ಐಸ್ ಒಂದು ಕಡೆ ಒಂದು ಅಡಿ, ಎರಡು ಹೆಜ್ಜೆ ಆಚೆ ಎರಡಂಗುಲ. ಮೇಲೆ ಸ್ನೋ ಬಿದ್ದಿದ್ದರೆ ದಂಡೆ ಎಲ್ಲಿ ಮುಗಿಯಿತು ಅಂತಲೂ ತಿಳಿಯುವುದಿಲ್ಲ. ಮೇಲ್ಗಡೆ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ಮಟ್ಟ ಏರಿಳಿಯುತ್ತದೆ, ಐಸ್ ಕೆಳಗೆ ಟೊಳ್ಳಾಗುತ್ತದೆ. ಫೋಟೋ ತೆಗೆಯುವಾಗ ಕಣ್ಣು ಕ್ಯಾಮೆರಾದಲ್ಲಿರುತ್ತದೆ, ಕಾಲು ತಾನೇ ಹಿಂದೆ ಸರಿಯುತ್ತದೆ. ನನ್ನ ಕಣ್ಣೆದುರೇ ಒಬ್ಬರು ಸೊಂಟದವರೆಗೆ ಹೋದರು. ಇಬ್ಬರು ಸೇರಿ ಎಳೆದೆವು. ಐದೇ ನಿಮಿಷ, ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

ಪುಟ್ಟಿಯ_ಅಮ್ಮ · ಭಾನುವಾರ, ರಾತ್ರಿ 7:30

ನಿಮ್ಮ ಫೋಟೋದಲ್ಲಿ ಬಾತುಕೋಳಿಗಳು ಐಸ್ ಮೇಲೆ ಬರಿಗಾಲಲ್ಲಿ ನಿಂತಿವೆ. ಅವುಗಳ ಕಾಲು ಹೆಪ್ಪುಗಟ್ಟುವುದಿಲ್ವಾ ಅಂತ ನನ್ನ ಆರು ವರ್ಷದ ಮಗಳು ಕೇಳುತ್ತಿದ್ದಾಳೆ. ಸಾಕ್ಸ್ ಕಳಿಸೋಣ ಅಂತಿದ್ದಾಳೆ.

ಪಾಠದ_ಮನೆ · ಭಾನುವಾರ, ರಾತ್ರಿ 8:05

ಪುಟ್ಟಿಗೆ ಹೀಗೆ ಹೇಳಿ. ಬಾತುಕೋಳಿ ಕಾಲಿನಲ್ಲಿ ಕೆಳಗೆ ಹೋಗುವ ರಕ್ತದ ಕೊಳವೆ, ಮೇಲೆ ಬರುವ ರಕ್ತದ ಕೊಳವೆ ಎರಡೂ ಅಂಟಿಕೊಂಡಿರುತ್ತವೆ. ಬಿಸಿ ರಕ್ತ ಇಳಿಯುವಾಗ ತನ್ನ ಬಿಸಿಯನ್ನು ಮೇಲೆ ಬರುವ ತಣ್ಣನೆ ರಕ್ತಕ್ಕೆ ಕೊಟ್ಟುಬಿಡುತ್ತದೆ. ಹಾಗಾಗಿ ಪಾದ ತಣ್ಣಗೇ ಇರುತ್ತದೆ, ಹೆಪ್ಪುಗಟ್ಟದಷ್ಟು ಮಾತ್ರ ಬೆಚ್ಚಗೆ. ಮೈಯ ಬಿಸಿ ಪೋಲಾಗುವುದಿಲ್ಲ. ಇನ್ನೂ ಚಳಿಯಾದರೆ ಒಂದು ಕಾಲು ಮಡಚಿ ಗರಿಯೊಳಗೆ ಇಟ್ಟುಕೊಳ್ಳುತ್ತವೆ.

ನದಿಪಕ್ಕದ_ಮನೆ · ಭಾನುವಾರ, ರಾತ್ರಿ 8:20

ಮಲ್ಲಾರ್ಡ್, ಗೋಲ್ಡನ್‌ಐ, ಕೆನಡಾ ಗೂಸ್, ಇವುಗಳಲ್ಲಿ ಎಷ್ಟೋ ಚಳಿಗಾಲ ಪೂರ್ತಿ ಇಲ್ಲೇ ಇರುತ್ತವೆ. ನೀರು ಪೂರ್ತಿ ಕಟ್ಟುವುದಿಲ್ಲವಲ್ಲ. ದಯವಿಟ್ಟು ಬ್ರೆಡ್ ಹಾಕಬೇಡಿ. ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ.

ಹಳೇ_ಲೆನ್ಸು · ಸೋಮವಾರ, ಬೆಳಿಗ್ಗೆ 6:50

ನೀಲಿಯ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ನಿಮ್ಮ ಫೋಟೋಗಳನ್ನು ಒಂದೊಂದಾಗಿ ನೋಡಿದೆ. ಬಿಸಿಲಿನಲ್ಲಿ ತೆಗೆದವು ನೀಲಿ ಇಲ್ಲ, ನೆರಳಿನಲ್ಲಿ ತೆಗೆದವೇ ನೀಲಿ. ನೆರಳಿಗೆ ಸೂರ್ಯನ ಬೆಳಕು ಬೀಳುವುದಿಲ್ಲ, ಬೀಳುವುದು ಆಕಾಶದ ಬೆಳಕು. ಆಕಾಶ ನೀಲಿ, ಮಂಜು ಬಿಳಿ, ಅದು ಬಂದದ್ದನ್ನೇ ತಿರುಗಿಸಿ ಕೊಡುತ್ತದೆ. ನಿಮ್ಮ ಕ್ಯಾಮೆರಾ ಸುಳ್ಳು ಹೇಳಿಲ್ಲ. ನಮ್ಮ ಮಿದುಳು "ಇದು ಬಿಳಿ" ಅಂತ ಗೊತ್ತಿರುವುದರಿಂದ ನೀಲಿಯನ್ನು ಅಳಿಸಿ ನೋಡುತ್ತದೆ.

ಅಲ್ಲಿ ಸೂರ್ಯ ಈಗ ಎಷ್ಟು ಕೆಳಗೆ ಅಂದರೆ, ಜನವರಿ ನಡುವಿನಲ್ಲಿ ನಡುಹಗಲಿಗೂ ದಿಗಂತದಿಂದ ಸುಮಾರು 18 ಡಿಗ್ರಿ ಎತ್ತರ. ಬೆಂಗಳೂರಿನಲ್ಲಿ 56. ಆರಡಿ ಮನುಷ್ಯನಿಗೆ ಹದಿನೆಂಟು ಅಡಿ ನೆರಳು. ಹಾಗಾಗಿ ಪಾರ್ಕಿನ ಮುಕ್ಕಾಲು ಭಾಗ ನೆರಳೇ. ಹಾಗೆಂದು ಬೇಸರ ಬೇಡ. ಇಡೀ ದಿನ ನಮ್ಮ ಕಡೆಯ ಸಂಜೆ ಬಿಸಿಲು ಸಿಗುತ್ತದೆ. ಸೂರ್ಯನಿಗೆ ಎದುರಾಗಿ ನಿಂತು, ಹಣ್ಣಿನ ಹಿಂದಿನಿಂದ ಬೆಳಕು ಬರುವ ಹಾಗೆ ತೆಗೆಯಿರಿ. ಒಂದೊಂದು ಹಲ್ಲೂ ಹೊಳೆಯುತ್ತದೆ.

ಬಣ್ಣದ_ಡಬ್ಬಿ · ಸೋಮವಾರ, ಬೆಳಿಗ್ಗೆ 8:30

ಇಷ್ಟೆಲ್ಲ ಯಾಕೆ? ಆ್ಯಪಿನಲ್ಲಿ ನೀಲಿ ತೆಗೆದು, ಹಣ್ಣಿನ ಕೆಂಪು ಸ್ವಲ್ಪ ಏರಿಸಿ, ಹಿಂದೆ ಒಂದು ಸೂರ್ಯೋದಯದ ಆಕಾಶ ಹಾಕಿದರೆ ಅಮ್ಮನಿಗೆ ಇನ್ನೂ ಖುಷಿಯಾಗುತ್ತದೆ. ನಾನು ಮಾಡಿಕೊಡಲಾ? ಮನಸ್ಸಿನಿಂದಲೇ ಕೇಳುತ್ತಿದ್ದೇನೆ.

ತುಂಗೆಯಿಂದ_ಬೋಗೆ · ಸೋಮವಾರ, ಮಧ್ಯಾಹ್ನ 12:40

ನಿಮ್ಮ ಒಳ್ಳೆ ಮನಸ್ಸಿಗೆ ಥ್ಯಾಂಕ್ಸ್. ಆದರೆ ಬೇಡ. ಅಮ್ಮ ನಾನು ಕಳಿಸಿದ್ದನ್ನು ನಂಬುತ್ತಾರೆ. ಪಕ್ಕದ ಮನೆಯವರನ್ನು ಕರೆದು, "ನನ್ನ ಮಗಳ ಊರಿನ ಆಕಾಶ ಹೀಗೆ" ಅಂತ ತೋರಿಸುತ್ತಾರೆ. ಅವರ ಮಟ್ಟಿಗೆ ಅದೇ ಈ ಊರು. ಇಲ್ಲದ ಆಕಾಶ ಹಾಕಿದರೆ ಅವರು ಕಂಡ ಕ್ಯಾಲ್ಗರಿಯೇ ಇಲ್ಲದ ಊರಾಗುತ್ತದೆ. ನನ್ನ ಕೈ ಬೆರಳು ಉರಿದದ್ದು, ಹಣ್ಣು ಒಣಗಿ ಸುಕ್ಕಾಗಿರುವುದು, ಎಲ್ಲ ಇದ್ದ ಹಾಗೇ ಹೋಗಬೇಕು.

ನೀಲಿ ವಿಷಯದಲ್ಲಿ ಮಾತ್ರ ನನಗೇ ಗೊಂದಲ. ಸರ್ ಹೇಳಿದಂತೆ ಅದು ನಿಜವಾದ ಬೆಳಕೇ. ಆದರೆ ನಾನು ಅಲ್ಲಿ ನಿಂತಾಗ ಕಂಡದ್ದು ಬಿಳಿ.

ಹಳೇ_ಲೆನ್ಸು · ಸೋಮವಾರ, ಮಧ್ಯಾಹ್ನ 1:15

ಹಾಗಾದರೆ ಅರ್ಧ ದಾರಿ ಬನ್ನಿ. ಬಣ್ಣ ಸರಿದೂಗಿಸುವ ಸೆಟ್ಟಿಂಗ್ ಇದೆಯಲ್ಲ, ವೈಟ್ ಬ್ಯಾಲೆನ್ಸ್, ಅದನ್ನು ಮೋಡದ ಚಿಹ್ನೆಗೆ ಇಡಿ. ನೀಲಿ ಪೂರ್ತಿ ಹೋಗುವುದಿಲ್ಲ, ಬೆಳದಿಂಗಳೂ ಅನ್ನಿಸುವುದಿಲ್ಲ. ಪೂರ್ತಿ ತೆಗೆದರೆ ಚಳಿಯೇ ಹೊರಟುಹೋಗುತ್ತದೆ. ಅದು ಸುಣ್ಣ ಬಳಿದ ಕೊಂಬೆಯ ಹಾಗೆ ಕಾಣುತ್ತದೆ.

ಬಣ್ಣದ_ಡಬ್ಬಿ · ಸೋಮವಾರ, ಮಧ್ಯಾಹ್ನ 1:40

ಸರಿ ಅಕ್ಕ, ನೀವು ಹೇಳಿದ್ದು ನಾಟಿತು. ನಾನು ನಮ್ಮಮ್ಮನಿಗೆ ಕಳಿಸುವ ಫೋಟೋಗಳಲ್ಲಿ ಎಷ್ಟೊಂದು ಬದಲಾಯಿಸಿದ್ದೇನೆ ಅಂತ ಈಗ ನೋಡುತ್ತಾ ಕೂತಿದ್ದೇನೆ.

ತುಂಗೆಯಿಂದ_ಬೋಗೆ · ಹದಿಮೂರು ದಿನಗಳ ನಂತರ, ಭಾನುವಾರ, ಸಂಜೆ 6:10

ಎಲ್ಲರಿಗೂ ಮತ್ತೆ ನಮಸ್ಕಾರ. ನಡುವೆ ಚಿನೂಕ್ ಬೀಸಿತು. ಗೊತ್ತಿಲ್ಲದವರಿಗೆ: ರಾಕಿ ಬೆಟ್ಟ ದಾಟಿ ಇಳಿಯುವಾಗ ಬೆಚ್ಚಗಾಗಿ, ಒಣಗಿ ಬರುವ ಪಡುವಣ ಗಾಳಿ ಅದು. ಪಶ್ಚಿಮದ ಆಕಾಶದಲ್ಲಿ ಕಮಾನಿನ ಹಾಗೆ ಮೋಡ, ಅದರ ಕೆಳಗೆ ತಿಳಿ ನೀಲಿ. ಮಧ್ಯಾಹ್ನಕ್ಕೆ ಪ್ಲಸ್ 7. ಹರಳುಮಂಜು ಒಂದೂ ಉಳಿಯಲಿಲ್ಲ. ದಿನಾ ಕಿಟಕಿಯಲ್ಲಿ ಮರ ನೋಡುವುದೇ ಕೆಲಸವಾಯಿತು.

ನಿನ್ನೆ ರಾತ್ರಿ ಮತ್ತೆ ಮೈನಸ್ 21ಕ್ಕೆ ಇಳಿಯಿತು. ಇವತ್ತು ತರಕಾರಿ, ಹಾಲು, ಪಕ್ಕದ ಮನೆ ಅಜ್ಜಿಯ ಕಾಲುದಾರಿಯ ಸ್ನೋ ಎತ್ತುವುದು, ಎಲ್ಲ ಹತ್ತಕ್ಕೇ ಮುಗಿಸಿ ಹೋದೆ. ಬ್ಯಾಟರಿ ಒಳಜೇಬಿನಲ್ಲಿ, ಚೀಲ ಬೆನ್ನಿನಲ್ಲಿ. ಅದೇ ಪೊದೆ ಹುಡುಕಿದೆ. ಹಣ್ಣುಗಳಲ್ಲಿ ಕೆಲವನ್ನು ಹಕ್ಕಿ ತಿಂದಿದ್ದವು. ಉಳಿದ ಒಂದರ ಎದುರು ಸೂರ್ಯನ ಕಡೆ ಮುಖ ಮಾಡಿ ಮಂಡಿಯೂರಿದೆ. ಪ್ಲಸ್ 1, ಮೋಡದ ಚಿಹ್ನೆ. ಹಲ್ಲುಗಳ ಅಂಚಿನಲ್ಲಿ ಬೆಳಕು ಹರಿದಾಡುತ್ತಿತ್ತು. ತಲೆ ಎತ್ತಿದರೆ ಸೂರ್ಯನ ಎರಡೂ ಪಕ್ಕ ಇನ್ನೆರಡು ಪುಟ್ಟ ಸೂರ್ಯ! ಕೈ ಚಾಚಿ ಬೆರಳು ಅಗಲಿಸಿದರೆ ಸರಿಯಾಗಿ ಒಂದು ಗೇಣು ದೂರ. ಗಾಳಿಯಲ್ಲಿ ತೇಲುವ ಐಸ್ ಹರಳುಗಳಿಂದ ಹಾಗೆ ಕಾಣುತ್ತದೆ ಅಂತ ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದವರು ಹೇಳಿದರು.

ಹಣ್ಣಿನ ಫೋಟೋ ಅಮ್ಮನಿಗೆ ಹೋಯಿತು. ಅಲ್ಲಿ ನಡುರಾತ್ರಿ, ಬೆಳಿಗ್ಗೆ ನೋಡುತ್ತಾರೆ ಅಂದುಕೊಂಡಿದ್ದೆ. ತಕ್ಷಣ ಫೋನ್ ಬಂತು, ನಿದ್ದೆ ಬಂದಿರಲಿಲ್ಲವಂತೆ. ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದ್ದಾರೆ. "ಇದು ಮಲ್ಲಿಗೆ ಅಲ್ಲ ಕಣೇ, ನೆಲ್ಲಿ ಮರದ ಎಳೆ ಸೊಪ್ಪಿನ ಹಾಗಿದೆ" ಅಂದರು. ಮತ್ತೆ ನೋಡಿದೆ. ಹೌದು, ನಡುವೆ ಕಡ್ಡಿ, ಎರಡೂ ಕಡೆ ಸಾಲಾಗಿ ಎಳೆಗಳು, ನೆಲ್ಲಿ ಸೊಪ್ಪೇ. ಆಮೇಲೆ, ಆ ಕೆಂಪು ಹಣ್ಣು ತಿನ್ನಬಹುದಾ ಅಂತ ಕೇಳಿದರು. ಯಾರಿಗಾದರೂ ಗೊತ್ತಾ?

ನದಿಪಕ್ಕದ_ಮನೆ · ಭಾನುವಾರ, ಸಂಜೆ 6:35

ತಿನ್ನಬಹುದು. ಒಳಗಿನ ಬೀಜದ ಸುತ್ತ ಸಣ್ಣ ರೋಮ ಇರುತ್ತದೆ, ಗಂಟಲಿಗೆ ತಾಗಿದರೆ ಕೆರೆತ, ಅದನ್ನು ಪೂರ್ತಿ ತೆಗೆಯಬೇಕು. ಇಲ್ಲಿನವರು ಕುದಿಸಿ ಸೋಸಿ ಜೆಲ್ಲಿ ಮಾಡುತ್ತಾರೆ, ಒಣಗಿಸಿ ಟೀಗೂ ಹಾಕುತ್ತಾರೆ. ಆದರೆ ಪಾರ್ಕಿನ ಪೊದೆಯದು ಕೀಳಬೇಡಿ, ಅದು ಹಕ್ಕಿಗಳಿಗೆ. ನಮ್ಮ ಹಿತ್ತಲಲ್ಲಿ ಒಂದು ಗಿಡ ಇದೆ. ಸೆಪ್ಟೆಂಬರಿನಲ್ಲಿ ಬನ್ನಿ, ಅಮ್ಮನಿಗೆ ಒಣಗಿಸಿದ್ದನ್ನು ತೋರಿಸಿ ಫೋಟೋ ಕಳಿಸುವಿರಂತೆ.